ಊಟಕ್ಕೆ ಏಳುತ್ತಿದ್ದ ಪೆಟ್ಟಿಗೆ

ಅನುಮಾನ ಶುರುವಾದದ್ದು ಒಂದು ಒದ್ದೆ ಕಾಲರ್‌ನಿಂದ.

ಅವಳದು ದುರಸ್ತಿ ಹೊಲಿಗೆಯ ಕೆಲಸ. ಹೊಸ ಬಟ್ಟೆ ಹೊಲಿಯುವುದಿಲ್ಲ. ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಚ್ಚಿ ಬಿಡುವುದು, ಜಿಪ್ ಬದಲಿಸುವುದು, ಸವೆದ ಕಾಲರ್ ಕಿತ್ತು ತಿರುವಿ ಹಾಕುವುದು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಶಾಲೆ ಐದನೇ ತರಗತಿಗೇ ಮುಗಿದಿತ್ತು. ಓದಲು ಬರುತ್ತದೆ, ಆದರೆ ನಿಧಾನ. ಬಟ್ಟೆಯ ವಿಷಯದಲ್ಲಿ ಮಾತ್ರ ಅವಳನ್ನು ಯಾರೂ ಏಮಾರಿಸಲಾರರು. ಒಂದು ಹೊಲಿಗೆಯನ್ನು ಹಿಂದೆ ಯಾರಾದರೂ ಬಿಚ್ಚಿ ಮತ್ತೆ ಹಾಕಿದ್ದರೆ ಅವಳ ಬೆರಳಿಗೇ ಗೊತ್ತಾಗುತ್ತದೆ. ಸೂಜಿಯ ಹಳೆ ತೂತು ಅಷ್ಟು ಸುಲಭವಾಗಿ ಮುಚ್ಚಿಕೊಳ್ಳುವುದಿಲ್ಲ. “ಇದನ್ನ ಮೊದಲೇ ಯಾರೋ ಬಿಚ್ಚಿದಾರೆ. ಯಾರು ಬಿಚ್ಚಿದ್ದು? ಯಾಕೆ?” ಎಂದು ಗಿರಾಕಿಯನ್ನೇ ನಿಲ್ಲಿಸಿ ಕೇಳುತ್ತಾಳೆ. ಅದಕ್ಕೇ ಆ ಬೀದಿಯಲ್ಲಿ ಅವಳಿಗೆ ಪೊಲೀಸಕ್ಕ ಎಂದು ಹೆಸರು ಬಿದ್ದಿತ್ತು.

ಪೊಲೀಸಕ್ಕನ ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನು ನಕ್ಷೆ ಬರೆಯುವವನು. ಕಟ್ಟಡದಲ್ಲಿ ಗೋಡೆ ಎಲ್ಲಿ, ಮೆಟ್ಟಿಲು ಎಲ್ಲಿ, ನೀರಿನ ಪೈಪು ಎಲ್ಲಿ ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆಯುವ ಕೆಲಸ. ಮೊದಲು ಕಚೇರಿಗೆ ಹೋಗುತ್ತಿದ್ದ. ಆಮೇಲೆ ಕಚೇರಿ ಎಲ್ಲರನ್ನೂ ಮನೆಯಿಂದಲೇ ಕೆಲಸ ಮಾಡಿ ಎಂದಿತು. ಆಗ ಮನೆಗೆ ಬಂದದ್ದು ಆ ಕಂಪ್ಯೂಟರ್ ಪೆಟ್ಟಿಗೆ. ಮೊಣಕಾಲೆತ್ತರ, ಕಪ್ಪು ಬಣ್ಣ, ಬೆನ್ನಿಗೊಂದು ಫ್ಯಾನು. ಹಿಂದಿನ ಕೋಣೆಯ ಮೇಜಿನ ಕೆಳಗೆ ಬಂದು ಕೂತಿತು. ಏಳು ವರ್ಷ ಗಂಡ ಅದರ ಮುಂದೆ ಕೂತ. ಸಂಜೆ ಹೊತ್ತು ಅವಳು ಅಂಚು ಹೊಲಿಯುವ ಬಟ್ಟೆ ಹಿಡಿದು ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವನದು ಗೆರೆ, ಇವಳದು ದಾರ.

ಅವನು ಹೋದ ಮೇಲೆ ಅವಳು ಪರದೆಯನ್ನು ಆರಿಸಿ, ಅದಕ್ಕೊಂದು ಮುಸುಕು ಹೊಲಿದು ಹಾಕಿದಳು. ಪೆಟ್ಟಿಗೆಯನ್ನೂ ಆರಿಸಬೇಕೆಂದಿದ್ದಳು. ಮೈದುನ ಬಿಡಲಿಲ್ಲ.

ಮೈದುನನೂ ಅದೇ ಕಚೇರಿಗೆ ನಕ್ಷೆ ಬರೆಯುವವನು. ಅಣ್ಣನೇ ಸೇರಿಸಿದ್ದ. ಆದರೆ ಅವನ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಒಂದು ವರ್ಷದ ಹಿಂದೆಯೇ ಮಾರಿದ್ದ. ಮಾರಿದ್ದನ್ನು ದೊಡ್ಡದಾಗಿ ಹೇಳಿಕೊಂಡಿದ್ದ.

“ಇನ್ನೂ ಮನೇಲಿ ಕಂಪ್ಯೂಟರ್ ಇಟ್ಕೊಳ್ಳೋರು ಯಾರಿದ್ದಾರೆ ಅತ್ತಿಗೆ? ಅದೆಲ್ಲ ಹಳೇ ಕಾಲ. ನೋಡಿ, ಈ ಫೋನನ್ನ ಟೀವಿಗೆ ಸಿಕ್ಕಿಸಿದ್ರೆ ಆಯ್ತು. ಒಂದು ಕೀಬೋರ್ಡು, ಒಂದು ಮೌಸು. ನನ್ನ ಆಫೀಸೆಲ್ಲ ಜೇಬಲ್ಲೇ ಇದೆ.”

“ಅಷ್ಟು ಚಿಕ್ಕದ್ರಲ್ಲಿ ಕಟ್ಟಡ ಬರೀತೀಯಾ?” ಎಂದು ಅವಳು ಆವತ್ತೇ ಕೇಳಿದ್ದಳು. “ನಿಮ್ಮಣ್ಣನ ಪೆಟ್ಟಿಗೆ ಬಿಸಿಯಾಗಿ ಕೋಣೆಯೆಲ್ಲ ಕಾಯುತ್ತೆ. ನಿನ್ನ ಫೋನು ಬೆವರೋದೂ ಇಲ್ವಲ್ಲ?”

ಗಂಡ ಆಗ ತಲೆ ಎತ್ತಲಿಲ್ಲ. ಮುಸಿಮುಸಿ ನಕ್ಕಿದ್ದ. ಆ ನಗು ಅವಳಿಗೆ ಈಗ ನೆನಪಾಗುತ್ತದೆ.

ಅವನು ತೀರಿಕೊಂಡ ಮೇಲಿನ ಮೊದಲ ಭಾನುವಾರ ಮೈದುನ ಬಂದ. ಪೆಟ್ಟಿಗೆಯ ಧೂಳು ಒರೆಸಿದ. “ಅತ್ತಿಗೆ, ಇದನ್ನ ಮಾತ್ರ ಆರಿಸಬೇಡಿ. ಆರಿಸಿ ಇಟ್ರೆ ಕೆಟ್ಟು ಹೋಗುತ್ತೆ. ನಿಮ್ಮ ಹೊಲಿಗೆ ಮಿಷನ್ನು ಓಡಿಸದೇ ಇಟ್ರೆ ಹಿಡ್ಕೊಂಡು ಬಿಡಲ್ವಾ, ಹಾಗೇ,” ಎಂದ.

ಹೊಲಿಗೆ ಮಿಷನ್ನಿನ ಹೆಸರು ಹೇಳಿದ್ದಕ್ಕೆ ಅವಳು ನಂಬಿದಳು. ಅಣ್ಣನ ವಸ್ತು ಉಳಿಯಲಿ ಎಂಬ ಆಸೆ ಅವನಿಗೂ ಇದೆಯಲ್ಲ ಎಂದುಕೊಂಡಳು. ಅಲ್ಲಿಂದ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಬರುತ್ತಿದ್ದ. ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆ ನೋಡುತ್ತಿದ್ದ. ಆಮೇಲೆ ಚಹಾ ಕುಡಿದು ಒಂದು ಗಂಟೆ ಕೂತು ಹೋಗುತ್ತಿದ್ದ. ವಾರದ ಉಳಿದ ದಿನ ಅವಳ ಮನೆಗೆ ಬರುವವರು ಗಿರಾಕಿಗಳು. ಅವರು ಬಾಗಿಲಲ್ಲೇ ನಿಂತು ಬಟ್ಟೆ ಕೊಟ್ಟು ಹೋಗುತ್ತಾರೆ. ಒಳಗೆ ಬಂದು ಕೂರುವವನು ಅವನೊಬ್ಬನೇ. ಅವನು ಬರುತ್ತಾನೆಂದು ಭಾನುವಾರ ಎರಡು ಲೋಟ ತೊಳೆದಿಡುತ್ತಿದ್ದಳು.

ಈಗ ಕಾಲರ್‌ನ ವಿಷಯ.

ವಾರವಿಡೀ ಮೋಡ. ಬಟ್ಟೆ ಒಣಗುತ್ತಿರಲಿಲ್ಲ. ಒಂದು ಬಿಳಿ ಅಂಗಿಯ ಕಾಲರಿಗೆ ಮಸಿ ತಾಗಿತ್ತು. ಕಿತ್ತು ತೊಳೆದಳು. ಅಂಗಿಯವನು ಸಂಜೆಗೇ ಬೇಕೆಂದಿದ್ದ. ಎಲ್ಲಿ ಒಣಗಿಸುವುದೆಂದು ಮನೆಯೆಲ್ಲ ತಿರುಗಿದಳು. ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಯ ಬೆನ್ನಿಂದ ಬಿಸಿ ಗಾಳಿ ಬರುತ್ತಿತ್ತು. ಸ್ಟೂಲಿನ ಕಾಲಿಗೆ ಕಾಲರ್ ಸಿಕ್ಕಿಸಿ ಅದರ ಹಿಂದೆ ಇಟ್ಟಳು. ಒಂದು ಗಂಟೆಯಲ್ಲಿ ಗರಿಗರಿ ಒಣಗಿತು.

ಒಳ್ಳೆಯದೇ ಆಯಿತು ಎಂದುಕೊಂಡಳು. ಭಾನುವಾರ ಬೆಳಿಗ್ಗೆ ಒಂದು ತೋಳು ಒಣಗಲು ಇಟ್ಟಳು. ಮಧ್ಯಾಹ್ನವಾದರೂ ತೋಳು ತೊಟ್ಟಿಕ್ಕುತ್ತಲೇ ಇತ್ತು. ಕೈ ಹಿಡಿದು ನೋಡಿದಳು. ಪೆಟ್ಟಿಗೆ ಉಸಿರಾಡುತ್ತಿತ್ತು, ಆದರೆ ಗಾಳಿ ತಣ್ಣಗಿತ್ತು.

ಸೋಮವಾರ ಮತ್ತೆ ಬಿಸಿ.

ಅವಳ ತಲೆಗೆ ಹುಳ ಹೊಕ್ಕಿತು. ಆ ವಾರ ಹೊಲಿಗೆ ಮಿಷನ್ನನ್ನು ಹಿಂದಿನ ಕೋಣೆಯ ಬಾಗಿಲಿಗೆ ಎಳೆದುಕೊಂಡು ಕೂತಳು. ಕಿವಿ ಒಳಗಿಟ್ಟು ಹೊಲಿದಳು. ಬೆಳಿಗ್ಗೆ ಹತ್ತಕ್ಕೆ ಫ್ಯಾನು ಗುರ್ರೆಂದು ಏಳುತ್ತಿತ್ತು. ಒಂದೂವರೆಗೆ ಸುಮ್ಮನಾಗುತ್ತಿತ್ತು. ಎರಡೂಕಾಲಿಗೆ ಮತ್ತೆ ಗುರ್. ಸಂಜೆ ಆರು ಕಳೆದರೆ ಸದ್ದಿಲ್ಲ. ಬುಧವಾರ ಹನ್ನೊಂದಾದರೂ ಏಳಲಿಲ್ಲ, ಏಳುವಾಗ ಹನ್ನೊಂದೂವರೆ.

ಕೆಳಗಿನ ಮನೆಯ ನರ್ಸು ಸಮವಸ್ತ್ರದ ಸೊಂಟ ಬಿಡಿಸಿಕೊಳ್ಳಲು ಬಂದಾಗ ಪೊಲೀಸಕ್ಕ ತಡೆಯಲಾರದೆ ಬಾಯಿ ಬಿಟ್ಟಳು.

“ಆ ಪೆಟ್ಟಿಗೆ ಊಟಕ್ಕೆ ಏಳುತ್ತೆ ಕಣೇ.”

ನರ್ಸು ಕಣ್ಣರಳಿಸಿದಳು. “ಏನಕ್ಕ?”

“ಒಂದೂವರೆಗೆ ಕೆಲಸ ನಿಲ್ಲಿಸುತ್ತೆ. ಊಟ ಮಾಡುತ್ತೆ. ಒಂದು ಸಣ್ಣ ನಿದ್ದೆ. ಎರಡೂಕಾಲಿಗೆ ವಾಪಸ್ಸು. ಭಾನುವಾರ ರಜೆ. ನಿನ್ನೆ ತಡವಾಗಿ ಬಂತು.”

“ಅಕ್ಕಾ, ನಿನಗೆ ನಿದ್ದೆ ಸರಿಯಾಗಿ ಬರ್ತಿದೆಯಾ?” ನರ್ಸು ಅವಳ ನಾಡಿ ಹಿಡಿಯಲು ಬಂದಳು.

“ಕೈ ಬಿಡು. ನನಗೇನಾಗಿಲ್ಲ. ಯಂತ್ರಕ್ಕೆ ಯಾಕೆ ಊಟ? ಅದನ್ನ ಹೇಳು.”

ನರ್ಸು ಸ್ವಲ್ಪ ಯೋಚಿಸಿದಳು. “ನಮ್ಮ ಆಸ್ಪತ್ರೆ ಕಂಪ್ಯೂಟರ್ ಕೆಟ್ರೆ ಯಾರೂ ಬರಲ್ಲ ಅಕ್ಕ. ಎಲ್ಲೋ ಕೂತವನು ಅಲ್ಲಿಂದಲೇ ಇದನ್ನ ಆಡಿಸ್ತಾನೆ. ನಾವು ಕೈ ಕಟ್ಕೊಂಡು ನೋಡ್ತಿರ್ತೀವಿ, ಮೌಸಿನ ಬಾಣ ತಾನೇ ಓಡಾಡುತ್ತೆ. ಫೋನಿಂದಲೂ ಮಾಡ್ತಾರಂತೆ. ನಿಮ್ಮದರಲ್ಲೂ ಯಾರಾದ್ರೂ...” ಎಂದು ಅಲ್ಲಿಗೇ ನಿಲ್ಲಿಸಿದಳು. ಪೊಲೀಸಕ್ಕನ ಹುಬ್ಬು ಗಂಟಿಕ್ಕಿದ್ದನ್ನು ನೋಡಿ ಸಮವಸ್ತ್ರ ಅಲ್ಲೇ ಬಿಟ್ಟು ಹೊರಟಳು.

ಯಾರೋ ಮನೆಯೊಳಗಿದ್ದಾರೆ. ನಾಲ್ಕು ತಿಂಗಳಿಂದ. ಅವಳು ಬಟ್ಟೆ ಬದಲಿಸುವುದು, ಗಂಡನ ಕುರ್ಚಿಯ ಮುಂದೆ ನಿಂತು ಮಾತಾಡುವುದು ಎಲ್ಲ ಆ ಕೋಣೆಯಲ್ಲೇ. ಮೊದಲು ಗಂಡನ ಮೇಲೇ ಅನುಮಾನ ಬಂತು. ಸತ್ತವನ ಮೇಲೆ ಅನುಮಾನ ಪಡಬಾರದೆಂದು ತನಗೆ ತಾನೇ ಹೇಳಿಕೊಂಡಳು. ಆದರೂ ಪಟ್ಟಳು. ಯಾರಿಗೆ ಬೀಗದ ಕೈ ಕೊಟ್ಟು ಹೋದ? ಅವಳಿಗೆ ಆ ಪೆಟ್ಟಿಗೆಯ ಪಾಸ್‌ವರ್ಡನ್ನು ಒಮ್ಮೆಯೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಮರುದಿನ ಹತ್ತೂವರೆಗೆ ಮುಸುಕು ತೆಗೆದು ಪರದೆಯ ಗುಂಡಿ ಒತ್ತಿದಳು.

ಬೆಳಕು ಬಂತು. ಅರ್ಧ ಬರೆದ ಮನೆಯೊಂದಿತ್ತು. ಮೌಸು ಮೇಜಿನ ಮೇಲೆ ಇದ್ದಲ್ಲೇ ಇತ್ತು. ಗಂಡನ ಹೆಬ್ಬೆರಳು ತಾಗಿ ತಾಗಿ ಒಂದು ಕಡೆ ಹೊಳೆಯುವ ಮೌಸು. ಅದನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಪರದೆಯ ಮೇಲೆ ಬಾಣ ಓಡುತ್ತಿತ್ತು. ಗೆರೆ ಎಳೆಯುತ್ತಿತ್ತು. ಅಳಿಸುತ್ತಿತ್ತು. ಮತ್ತೆ ಎಳೆಯುತ್ತಿತ್ತು.

ಒಂದು ಗಳಿಗೆ, ಒಂದೇ ಗಳಿಗೆ, ಗಂಡನೇ ಎಂದುಕೊಂಡಳು. ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು.

ಆಮೇಲೆ ನೋಡಿದಳು. ಗಂಡ ಯಾವಾಗಲೂ ಮೆಟ್ಟಿಲಿನಿಂದ ಶುರು ಮಾಡುತ್ತಿದ್ದ. ಹತ್ತೋಕೆ ದಾರಿ ಇಲ್ಲದೆ ಮನೆ ಕಟ್ಟಿ ಏನು ಪ್ರಯೋಜನ ಎನ್ನುತ್ತಿದ್ದ. ಯೋಚಿಸುವಾಗ ಬಾಣವನ್ನು ಮೂಲೆಗೆ ತಂದು ನಿಲ್ಲಿಸುತ್ತಿದ್ದ. ಇವನು ಬಚ್ಚಲಿನಿಂದ ಶುರು ಮಾಡಿದ್ದ. ಯೋಚಿಸುವಾಗ ಬಾಣವನ್ನು ಗಿರಗಿರ ತಿರುಗಿಸುತ್ತಿದ್ದ, ಮಕ್ಕಳು ಕೀಲಿಕೈ ಗೊಂಚಲು ತಿರುಗಿಸುವ ಹಾಗೆ. ಹಾಗೆ ಕೀಲಿಕೈ ತಿರುಗಿಸುವವನೊಬ್ಬನನ್ನು ಅವಳು ಬಲ್ಲಳು. ಪ್ರತಿ ಭಾನುವಾರ ನಾಲ್ಕಕ್ಕೆ ಸ್ಕೂಟರಿನ ಕೀಲಿಕೈ ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಲೇ ಮೆಟ್ಟಿಲು ಹತ್ತಿ ಬರುತ್ತಾನೆ.

ಬೆರಳಿಗೆ ಹಳೆ ತೂತು ಸಿಕ್ಕಂತಾಯಿತು. ಆದರೂ ಖಾತ್ರಿ ಮಾಡಿಕೊಳ್ಳದೆ ಅವಳು ಯಾರನ್ನೂ ಬೈಯುವವಳಲ್ಲ.

ಹನ್ನೊಂದು ಹೊಡೆಯಿತು. ಬಗ್ಗಿ ಪ್ಲಗ್ ಕಿತ್ತಳು. ಮನೆ, ಬಚ್ಚಲು, ಬಾಣ ಎಲ್ಲ ಮಾಯ. ಪೆಟ್ಟಿಗೆ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಅವಳು ಹೊರಗೆ ಬಂದು ನರ್ಸಿನ ಸಮವಸ್ತ್ರ ತೆಗೆದುಕೊಂಡು ಹೊಲಿಯಲು ಕೂತಳು. ಮೊದಲು ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ಎತ್ತಲಿಲ್ಲ. ಹನ್ನೊಂದೂ ಇಪ್ಪತ್ತಕ್ಕೆ ಕೆಳಗೆ ಸ್ಕೂಟರ್ ನಿಂತಿತು. ಮೆಟ್ಟಿಲು ಎರಡೆರಡು ಹಾರಿ ಬರುವ ಸದ್ದು.

ಮೈದುನ ಬಾಗಿಲಲ್ಲಿ ನಿಂತ. ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಕಾಲಲ್ಲಿ ಮನೆಯೊಳಗಿನ ಚಪ್ಪಲಿ.

“ಏನಪ್ಪಾ, ಶುಕ್ರವಾರ ಬಂದುಬಿಟ್ಟೆ?”

“ಹೀಗೇ ಅತ್ತಿಗೆ. ಈ ಕಡೆ ಬಂದಿದ್ದೆ. ಫೋನ್ ಎತ್ತಲಿಲ್ಲ ನೀವು, ಗಾಬರಿ ಆಯ್ತು.” ಅವನ ಕಣ್ಣು ಹಿಂದಿನ ಕೋಣೆಯ ಕಡೆಗೇ ಇತ್ತು. “ಕರೆಂಟು... ಕರೆಂಟು ಇದೆಯಾ?”

“ಇಲ್ಲ.”

ಅವನು ತಲೆ ಎತ್ತಿ ನೋಡಿದ. ಮೇಲೆ ಫ್ಯಾನು ತಿರುಗುತ್ತಿತ್ತು. ಅವಳ ಹೊಲಿಗೆ ಮಿಷನ್ನಿನ ದೀಪ ಉರಿಯುತ್ತಿತ್ತು. ಅವಳು ಹೊಲಿಯುತ್ತಲೇ ಇದ್ದಳು.

“ಫ್ಯಾನು ತಿರುಗ್ತಿದೆಯಲ್ಲ ಅತ್ತಿಗೆ.”

“ನಿನ್ನ ಆಫೀಸು ಜೇಬಲ್ಲೇ ಇದೆಯಲ್ಲ. ನಮ್ಮನೆ ಕರೆಂಟು ಕಟ್ಟಿಕೊಂಡು ನಿನಗೇನಾಗಬೇಕು?”

ಅವನ ಮುಖ ಸಣ್ಣದಾಯಿತು. ಕೀಲಿಕೈ ತಿರುಗುವುದು ನಿಂತಿತು.

“ಕೂತ್ಕೋ,” ಎಂದಳು. ಅವನು ಕೂತ. “ಬಚ್ಚಲಿನಿಂದ ಮನೆ ಶುರು ಮಾಡ್ತಾರೇನೋ ಯಾರಾದ್ರೂ?”

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅವನಿಗೆ ಗೊತ್ತಾಯಿತು. ಎಲ್ಲ ಹೇಳಿದ. ಅವನ ಹೆಂಡತಿಯ ತಾಯಿ ಕಾಲು ಮುರಿದುಕೊಂಡು ಮನೆಗೆ ಬಂದಾಗ ಮಂಚಕ್ಕೆ ಜಾಗ ಬೇಕಾಯಿತಂತೆ. ಕಂಪ್ಯೂಟರ್ ಮೇಜು ತೆಗೆಯದೆ ಮಂಚ ಹಿಡಿಯುತ್ತಿರಲಿಲ್ಲವಂತೆ. ಫೋನಿನಲ್ಲೇ ಎಲ್ಲ ಆಗುತ್ತದೆ ಎಂದು ಹೆಂಡತಿಗೆ ಯಾರೋ ಹೇಳಿದ್ದರಂತೆ. ಮಾರಿದ ಮೇಲೆ ನೋಡಿದರೆ ಪತ್ರ ನೋಡುವುದಕ್ಕೆ, ಮೀಟಿಂಗಿನಲ್ಲಿ ತಲೆ ಆಡಿಸುವುದಕ್ಕೆ ಫೋನು ಸಾಕು. ನಕ್ಷೆ ಬರೆಯುವುದಕ್ಕೆ ಸಾಲದು.

“ಅಣ್ಣನೇ ದಾರಿ ತೋರಿಸಿದ್ದು ಅತ್ತಿಗೆ. ನಂದು ಇರಲಿ, ನೀನು ಅಲ್ಲಿಂದಲೇ ಆಡಿಸ್ಕೋ ಅಂದ. ಮೊದಲು ಅವನು ಊಟಕ್ಕೆ ಎದ್ದಾಗ ಮಾಡ್ತಿದ್ದೆ. ಆಮೇಲೆ ಅವನು ಆಸ್ಪತ್ರೆ ಸೇರಿದ. ಆಗ ಅವನ ನಕ್ಷೆ, ನನ್ನ ನಕ್ಷೆ, ಎರಡೂ ಇದರಲ್ಲೇ ಮಾಡ್ದೆ. ಎರಡು ತಿಂಗಳು ಅವನ ಕೆಲಸ ಹೋಗದೇ ಉಳಿದದ್ದು ಹೇಗೆ ಅಂದ್ಕೊಂಡ್ರಿ?”

ಅದು ಅವಳಿಗೆ ಗೊತ್ತಿರಲಿಲ್ಲ. ಕಚೇರಿಯವರು ಒಳ್ಳೆಯವರು, ಕಾಯ್ದರು ಎಂದುಕೊಂಡಿದ್ದಳು. ಮಿಷನ್ನಿನಿಂದ ಕೈ ತೆಗೆದಳು.

“ಅದನ್ನ ನನಗೆ ಹೇಳೋಕೆ ನಿಮ್ಮಿಬ್ಬರಿಗೂ ಬಾಯಿ ಇರಲಿಲ್ವಾ?”

“ಅಣ್ಣ ಬೇಡ ಅಂದ. ಅವಳಿಗೆ ಹೇಳಿದ್ರೆ ವಿಚಾರಣೆ ಶುರುವಾಗುತ್ತೆ ಅಂದ.”

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಗಂಡ ತನಗೆ ಹೇಳದ್ದನ್ನು ತಮ್ಮನಿಗೆ ಹೇಳಿದ್ದ. ಇನ್ನು ಅವನನ್ನು ಕರೆದು ಕೇಳುವ ಹಾಗಿಲ್ಲ.

“ಆರಿಸಿದ್ರೆ ಕೆಟ್ಟು ಹೋಗುತ್ತೆ ಅಂದದ್ದು?”

“ಸುಳ್ಳು ಅತ್ತಿಗೆ.”

“ಮಿಷನ್ನಿನ ಹೆಸರು ತಂದೆಯಲ್ಲೋ. ಅದಕ್ಕೇ ನಂಬಿದೆ ನಾನು.”

ಅವನು ನೆಲ ನೋಡಿದ. ಅವಳು ಕೇಳಬೇಕಾದದ್ದು ಇದ್ಯಾವುದೂ ಆಗಿರಲಿಲ್ಲ. ಕೊನೆಗೆ ಕೇಳಿಯೇಬಿಟ್ಟಳು.

“ಒಂದು ಮಾತು ಹೇಳು. ಭಾನುವಾರ ಭಾನುವಾರ ಬರ್ತಿದ್ದೆಯಲ್ಲ. ನನ್ನ ನೋಡೋಕೆ ಬರ್ತಿದ್ದೆಯೋ, ಇದನ್ನ ನೋಡೋಕೋ?”

ಮೈದುನ ಬಾಯಿ ತೆರೆದ. ಮುಚ್ಚಿದ. ಇನ್ನೊಮ್ಮೆ ತೆರೆದ. ಅಷ್ಟು ಹೊತ್ತು ಅವಳಿಗೆ ಸಾಕಾಯಿತು.

“ತಗೊಂಡು ಹೋಗು,” ಎಂದಳು. “ಈಗಲೇ. ಕಂಪ್ಯೂಟರ್ ಬೇಡ ಬೇಡ ಅಂದವರಿಗೆಲ್ಲ ಬೇಕಾಗೇ ಇರುತ್ತೆ. ನಿನಗೆ ಬೇರೆಯವರ ಮನೇಲಿ ಬೇಕು, ಅಷ್ಟೇ.”

“ಅತ್ತಿಗೆ, ಇಡೋಕೆ ಜಾಗ ಇಲ್ಲ.”

“ಅತ್ತೆ ಮಂಚದ ಕೆಳಗೆ ಇಡು. ಬಿಸಿ ಗಾಳಿ ಬರುತ್ತೆ, ಕಾಲುನೋವಿಗೆ ಒಳ್ಳೇದು.”

ಅವನು ತಂತಿ ಬಿಚ್ಚಿ ಸುತ್ತಿದ. ಪರದೆಯನ್ನು ಅವಳೇ ಹೊಲಿದ ಮುಸುಕಿನ ಸಮೇತ ಕೆಳಗೆ ಇಳಿಸಿದ. ಪೆಟ್ಟಿಗೆಯನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿದ. ಅವನು ಎರಡನೇ ಸಲ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳು ಮೌಸನ್ನು ಎತ್ತಿ ಗುಂಡಿಯ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದ್ದಳು. ಬೇಕೆಂದರೆ ಕೇಳಲಿ. ಕೇಳಿಕೊಂಡು ಬರಲಿ. ಆಗ ಗೊತ್ತಾಗುತ್ತದೆ, ಯಾತಕ್ಕೆ ಬಂದನೆಂದು.

ಅವನು ಕೇಳಲಿಲ್ಲ. ಹೊರಟ.

ಹಿಂದಿನ ಕೋಣೆಯಲ್ಲಿ ಮೇಜಿನ ಕೆಳಗೆ ಒಂದು ಚೌಕ ಉಳಿಯಿತು. ಏಳು ವರ್ಷ ಬೆಳಕು ಬೀಳದ ನೆಲ, ಸುತ್ತಲಿಗಿಂತ ಕಪ್ಪಗಿತ್ತು. ಅದನ್ನು ಎರಡು ಸಲ ಒರೆಸಿದಳು. ಹೋಗಲಿಲ್ಲ. ಕೋಣೆ ತಣ್ಣಗಾಯಿತು. ಆ ಪೆಟ್ಟಿಗೆಯ ಸದ್ದು ತನಗೆ ಇಷ್ಟು ಅಭ್ಯಾಸವಾಗಿತ್ತೆಂದು ಅದು ಹೋದ ಮೇಲೆ ತಿಳಿಯಿತು. ಒಂದೂವರೆಗೆ ತಟ್ಟೆ ಹಾಕಿಕೊಂಡು ಕೂತಾಗ, ಇಷ್ಟು ದಿನ ತಾನು ಅದರ ಜೊತೆಗೇ ಊಟಕ್ಕೆ ಏಳುತ್ತಿದ್ದೆ ಎಂಬುದೂ ಹೊಳೆಯಿತು.

ಭಾನುವಾರ ನಾಲ್ಕಾಯಿತು. ಐದಾಯಿತು. ಸ್ಕೂಟರ್ ಬರಲಿಲ್ಲ.

ತೊಳೆದಿಟ್ಟ ಎರಡು ಲೋಟದಲ್ಲಿ ಒಂದನ್ನು ಮತ್ತೆ ಮೇಲಿಟ್ಟಳು. ನೋಡಿದೆಯಾ, ಎಂದು ಖಾಲಿ ಕುರ್ಚಿಗೆ ಹೇಳಿದಳು. ಅವನು ಪೆಟ್ಟಿಗೆ ನೋಡಲಿಕ್ಕೇ ಬರುತ್ತಿದ್ದ ಎಂಬ ಅವಳ ಅನುಮಾನವೇ ನಿಜವಾಗಿತ್ತು. ಅದರಿಂದ ಏನೂ ಸಮಾಧಾನವಾಗಲಿಲ್ಲ.

ಅದರ ಮುಂದಿನ ಭಾನುವಾರ ಲೋಟ ತೊಳೆಯಲೇ ಇಲ್ಲ. ನಾಲ್ಕೂವರೆಗೆ ಬಾಗಿಲು ಬಡಿದ ಸದ್ದಾಯಿತು. ಮೈದುನ ನಿಂತಿದ್ದ. ಕೈಯಲ್ಲಿ ಏನೂ ಇರಲಿಲ್ಲ.

“ಏನು ಮರೆತು ಹೋಗಿದ್ದೆ?” ಎಂದಳು.

“ಏನೂ ಇಲ್ಲ.”

ಅವಳು ಮನಸ್ಸಿನಲ್ಲೇ ಹಿಂದಿನ ಕೋಣೆಯನ್ನೆಲ್ಲ ಒಂದು ಸುತ್ತು ಹಾಕಿ ಬಂದಳು. ಮೇಜು ಇದೆ. ಕುರ್ಚಿ ಇದೆ. ಮೇಜಿನ ದೀಪ ಇದೆ. ಮೇಜಿಗೆ ಕಣ್ಣು ಹಾಕಿದ್ದಾನೋ? ಮಂಚ ಇರುವ ಮನೆಯಲ್ಲಿ ಮೇಜು ಹಿಡಿಯುವುದಿಲ್ಲ. ಹಾಗಾದರೆ ಅದೇ.

“ಮೌಸು ಬೇಕಾ? ಅದಕ್ಕೆ ಬಂದೆಯಾ?”

“ನನ್ನ ಹತ್ರ ಬೇರೆ ಇದೆ ಅತ್ತಿಗೆ. ಅಣ್ಣಂದು ನೀವು ಎತ್ತಿಟ್ರಿ ಅಂತ ಆವತ್ತೇ ಗೊತ್ತಾಯ್ತು. ಡಬ್ಬದ ಮುಚ್ಚಳ ಹಾಕಿದ ಸದ್ದು ಮೆಟ್ಟಿಲಿಗೇ ಕೇಳಿಸ್ತು.”

ವಿಚಾರಣೆ ಮಾಡುವವಳೇ ಸಿಕ್ಕಿಬಿದ್ದಿದ್ದಳು. “ಹೋದ ವಾರ ಬರಲಿಲ್ಲ,” ಎಂದಳು.

“ಬಂದಿದ್ದೆ. ಬೀದಿ ತುದಿ ತನಕ. ಪೆಟ್ಟಿಗೆ ಇದ್ದಾಗ ಅದರ ಧೂಳು ಒರೆಸೋಕೆ ಬಂದೆ ಅಂತ ಹೇಳಬಹುದಿತ್ತು. ಈಗ ಏನಂತ ಹೇಳ್ಕೊಂಡು ಬರಲಿ? ಗೊತ್ತಾಗಲಿಲ್ಲ. ವಾಪಸ್ಸು ಹೋದೆ. ಇವತ್ತೂ ಗೊತ್ತಿಲ್ಲ.”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇವತ್ತು ಗುಂಡಿ ಸರಿಯಾಗಿ ಹಾಕಿಕೊಂಡಿದ್ದ.

“ಬಚ್ಚಲ ನಲ್ಲಿ ಸೋರ್ತಿದೆ,” ಎಂದಳು. “ಬಚ್ಚಲಿನಿಂದ ಶುರು ಮಾಡೋನು ತಾನೆ ನೀನು. ನೋಡು ಹೋಗು.”

ಅವನು ತೋಳು ಮಡಚಿ ಒಳಗೆ ಹೋದ. ಅವಳು ಬಾಗಿಲಲ್ಲಿ ನಿಂತು ಅವನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮೇಲಿಟ್ಟಿದ್ದ ಲೋಟ ಕೆಳಗೆ ಇಳಿಸಿದಳು.

ಅವನು ಹೋದ ಮೇಲೆ ಸುಮ್ಮನಿರಲಾಗಲಿಲ್ಲ. ಮರುದಿನ ನರ್ಸು ಸಮವಸ್ತ್ರ ಒಯ್ಯಲು ಬಂದಾಗ ಕೇಳಿಯೇ ಕೇಳಿದಳು.

“ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ, ನಾಲ್ಕು ಗಂಟೆ ಹೊತ್ತಿಗೆ ನೀನು ಡ್ಯೂಟಿ ಮುಗಿಸಿ ಬರ್ತಿದ್ದೆ. ಬೀದಿ ತುದೀಲಿ ನನ್ನ ಮೈದುನ ಕಂಡನಾ?”

“ಕಂಡಿದ್ರಲ್ಲ. ಸ್ಕೂಟರ್ ಮೇಲೆ ಕೂತು ಕೀಲಿಕೈ ತಿರುಗಿಸ್ತಿದ್ರು. ಮೇಲೆ ಹೋಗಲ್ವಾ ಅಂದೆ. ಹೋಗ್ತೀನಿ ಅಂದ್ರು. ನಾನು ಬಟ್ಟೆ ಒಗೆದು ಹರವೋಕೆ ಹೊರಗೆ ಬಂದಾಗಲೂ ಅಲ್ಲೇ ಇದ್ರು.”

“ಹೀಗೆ ಹೇಳು ಅಂತ ಅವನೇ ನಿನಗೆ ಹೇಳಿಕೊಟ್ಟನಾ?”

“ಅಯ್ಯೋ ಪೊಲೀಸಕ್ಕಾ!” ನರ್ಸು ನಗುತ್ತಾ ಮೆಟ್ಟಿಲಿಳಿದಳು.

ಪೊಲೀಸಕ್ಕ ನಗಲಿಲ್ಲ. ಆ ವಾರವೆಲ್ಲ ಯೋಚಿಸಿದಳು. ನಲ್ಲಿ ಈಗ ಸೋರುತ್ತಿಲ್ಲ. ಹಾಳಾದವನು ಚೆನ್ನಾಗಿಯೇ ರಿಪೇರಿ ಮಾಡಿದ್ದ. ಭಾನುವಾರ ಬರಲು ಅವನಿಗೆ ಇನ್ನು ಯಾವ ನೆಪವೂ ಉಳಿದಿರಲಿಲ್ಲ. ಶನಿವಾರ ಸಂಜೆ ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದಳು. ಬಾಗಿಲ ಚಿಲಕದ ಎರಡು ಸ್ಕ್ರೂಗಳನ್ನು ಸಡಿಲ ಮಾಡಿದಳು. ಅಲುಗಿಸಿ ನೋಡಿದಳು. ಸಾಲದು ಅನ್ನಿಸಿ ಇನ್ನೊಂದು ಸುತ್ತು ತಿರುಗಿಸಿದಳು.